ಹಳದಿ ಗೆರೆ, ಹಸಿರು ಗೆರೆ

ಧ್ವನಿ ಸಂದೇಶ
ಫೆಬ್ರವರಿ 11, ರಾತ್ರಿ 12:50

ಅಕ್ಕಾ, ನಾನೇ. ಬರೆಯೋಕೆ ಆಗಲ್ಲ, ಕೈಯೆಲ್ಲಾ ಗ್ರೀಸು, ಫೋನ್ ಮೇಲೆ ಬೆರಳಿಟ್ರೆ ಮೀನಿನ ಥರ ಜಾರತ್ತೆ. ಅದಕ್ಕೇ ಮಾತಾಡಿ ಕಳಿಸ್ತಿದೀನಿ. ನೀನು ಲೇತ್ ನಿಲ್ಲಿಸಿದ ಮೇಲೆ ಕೇಳಿಸ್ಕೋ.

ಕೆಲಸ ಸಿಕ್ತು. ಈ ಸಲ ಗೋಡೌನಲ್ಲಿ ಪೆಟ್ಟಿಗೆ ಎತ್ತೋದಲ್ಲ. ರೇಸ್ ಕಾರು! ನಗಬೇಡ. ಟೀವಿಲಿ ಬರ್ತಾವಲ್ಲ, ಅವಲ್ಲ, ಅದಕ್ಕಿಂತ ಎರಡು ಮೆಟ್ಟಿಲು ಕೆಳಗೆ. ಒಂದು ಕಾರು, ಒಂದು ಲಾರಿ, ನಾಲ್ಕು ಜನ. ಯಜಮಾನರು ಒಬ್ರು, ಅರವತ್ತರ ಹತ್ತಿರ, ಒಂದು ಕಾಲದಲ್ಲಿ ತಾವೇ ಓಡಿಸ್ತಿದ್ರಂತೆ. ಅವರ ಹೆಂಡತಿ, ಯಜಮಾನಿ, ಲೆಕ್ಕ ಬರೆಯೋದು, ಲಾರಿ ಓಡಿಸೋದು, ನಮಗೆ ಅಡುಗೆ ಮಾಡಿ ಹಾಕೋದು, ಮೂರೂ ಅವರೇ. ಮೇಸ್ತ್ರಿ ಒಬ್ರು. ಆಮೇಲೆ ನಾನು.

ಕಾರು ಓಡಿಸೋನು? ಅವನನ್ನ ನಾವು ಅಳಿಯ ಅಂತೀವಿ, ಹಿಂದಿನಿಂದ. ಯಾಕೆ ಗೊತ್ತಾ? ಅವನಿಗೆ ನಾವು ಸಂಬಳ ಕೊಡಲ್ಲ ಅಕ್ಕಾ, ಅವನೇ ನಮಗೆ ದುಡ್ಡು ಕೊಡ್ತಾನೆ! ವರ್ಷಕ್ಕೆ ನಾಲ್ಕು ಕಂತು. ಅವರಪ್ಪ ಕೊಡ್ತಾರೆ. ಅದರಲ್ಲೇ ಟೈರು, ಡೀಸೆಲ್ಲು, ಪ್ರವೇಶದ ಫೀಸು, ನನ್ನ ಸಂಬಳ, ಎಲ್ಲ. ಹಾಗಾಗಿ ಅವನು ಬಂದ ಅಂದ್ರೆ ಸಾಕು, ಕುರ್ಚಿ ಒರೆಸೋದೇನು, ನೀರು ಕೊಡೋದೇನು.

ಇನ್ನೊಂದು ಹೇಳ್ತೀನಿ, ನಿನಗೆ ಇಷ್ಟ ಆಗತ್ತೆ. ಇಲ್ಲಿ ಒಂದೊಂದು ನಟ್ಟನ್ನೂ ಒಬ್ಬ ಬಿಗಿ ಮಾಡಿ ಅದರ ಮೇಲೆ ಅಡ್ಡಕ್ಕೆ ಬಣ್ಣದ ಪೆನ್ನಲ್ಲಿ ಗೆರೆ ಎಳೀಬೇಕು. ನಟ್ಟು ಒಂಚೂರು ಸಡಿಲ ಆದ್ರೂ ಗೆರೆ ಮುರಿದು ಕಾಣತ್ತೆ. ಆಮೇಲೆ ಇನ್ನೊಬ್ಬ ಬಂದು ತಾನೂ ಬಿಗಿ ನೋಡಿ ತನ್ನ ಬಣ್ಣದಲ್ಲಿ ಪಕ್ಕ ಇನ್ನೊಂದು ಎಳೀಬೇಕು. ಎರಡು ಗೆರೆ ಇಲ್ದಿದ್ರೆ ತಪಾಸಣೆ ಮಾಡೋನು ಕಾರನ್ನ ಟ್ರ್ಯಾಕಿಗೆ ಬಿಡಲ್ಲ. ನನ್ನದು ಹಳದಿ. ಮೇಸ್ತ್ರಿದು ಹಸಿರು. ನಮ್ಮ ಅಪ್ಪನ "ಹೂಂ" ಥರಾನೇ ಅಲ್ವಾ?

ಒಂದು ವಿಷಯ. ಇಲ್ಲಿ ಮೆಕ್ಯಾನಿಕ್ಕು ತನ್ನ ಟೂಲ್ ಪೆಟ್ಟಿಗೆ ತಾನೇ ತರಬೇಕಂತೆ. ಹಳೇದೊಂದು ಮಾರಾಟಕ್ಕಿದೆ, ಚೆನ್ನಾಗಿದೆ. ನಿನ್ನ ಹತ್ರ... ಇದ್ರೆ ನೋಡು. ಇಲ್ದಿದ್ರೆ ಪರವಾಗಿಲ್ಲ. ಇದ್ರೆ ಮಾತ್ರ.


ಫೆಬ್ರವರಿ 20

ತಮ್ಮಾ,

ನಿನ್ನ ಮಾತನ್ನು ಎರಡು ಸಲ ಕೇಳಿದೆ. ಎಂದಿನಂತೆ ಬಿಲ್ಲು ಪುಸ್ತಕದ ಹಾಳೆಯ ಹಿಂದೆ ಬರೆದು ಫೋಟೋ ಕಳಿಸುತ್ತಿದ್ದೇನೆ. ನನಗೆ ಯಂತ್ರದ ಮುಂದೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು.

ಕೆಲಸ ಮಾಡುವವನೇ ಸಂಬಳ ಕೊಡುವ ಊರನ್ನು ನಾನು ಎಲ್ಲೂ ಕೇಳಿಲ್ಲ. ಆ ಅಳಿಯನನ್ನು ಇಲ್ಲಿಗೂ ಒಂದು ಸಲ ಕಳಿಸು. ಲೇತಿನ ಮುಂದೆ ನಿಲ್ಲಿಸುತ್ತೇನೆ, ಅವರಪ್ಪ ಕಂತು ಕಟ್ಟಲಿ.

ಪೆಟ್ಟಿಗೆಗೆ ದುಡ್ಡು ಕಳಿಸಿದ್ದೇನೆ. ಎಲ್ಲಿಂದ ಬಂತು ಎಂದು ಕೇಳಬೇಡ, ಕೆಲಸ ಚೆನ್ನಾಗಿಯೇ ಇದೆ. ನೀರಿನ ಪಂಪಿನವರು ಆರುನೂರು ಬುಶ್, ಆ ಒಳತೂತಿನ ಸಣ್ಣ ಬಳೆ, ಕೇಳಿದ್ದಾರೆ. ದೊಡ್ಡಪ್ಪನಿಗೆ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದಿದ್ದೇನೆ. ಕಿವಿ ಇನ್ನೂ ಮಂದವಾಗಿದೆ, ಮಂಡಿಯೂ ನೋವು. ಅಪ್ಪನ ಕಾಲದಿಂದ ಆ ಲೇತಿನ ಮುಂದೆ ನಿಂತವರು, ಒಂದಿಷ್ಟು ದಿನ ಕೂರಲಿ.

ಅಪ್ಪನ "ಹೂಂ" ನಿನಗೆ ನೆನಪಿದೆಯಲ್ಲ, ಸಂತೋಷ. ಲೇತಿನ ತಿರುಗುವ ಬಾಯಿಗೆ, ಆ ಚಕ್ಕಿಗೆ, ಕಬ್ಬಿಣ ಕಚ್ಚಿಸಿದವನು ಸ್ವಿಚ್ ಹಾಕಬಾರದು. ಎರಡನೆಯವನು ಬಂದು, ಬಿಗಿ ಮಾಡಿದ ಕೀಲಿ ಚಕ್ಕಿನಿಂದ ತೆಗೆದಿದೆಯೇ ಎಂದು ಕಣ್ಣಾರೆ ನೋಡಿ, ಹೂಂ ಎನ್ನಬೇಕು. ಒಂದು ಸಲ ನೀನು ನೋಡದೆಯೇ ಹೂಂ ಎಂದು ಕಪಾಳಕ್ಕೆ ತಿಂದದ್ದೂ ನೆನಪಿರಬಹುದು.

ಊಟ ಸರಿಯಾಗಿ ಮಾಡು.
ಅಕ್ಕ


ಧ್ವನಿ ಸಂದೇಶ
ಏಪ್ರಿಲ್ 6, ರಾತ್ರಿ 1:30

ಅಕ್ಕಾ, ಪೆಟ್ಟಿಗೆ ಬಂತು, ಕೆಂಪು ಬಣ್ಣ, ಏಳು ಡ್ರಾಯರು. ಮೇಸ್ತ್ರಿ ನೋಡಿ, "ಪೆಟ್ಟಿಗೆ ಮಂತ್ರಿದು, ಒಳಗಿನ ಸಾಮಾನು ಬಡವಂದು" ಅಂದ್ರು. ಇರಲಿ.

ಈಗ ಲಾರಿಯ ಹಿಂದೆ ಕೂತಿದೀನಿ. ಟೈರ್ ಹೆರೀತಾ ಇದೀನಿ. ರೇಸ್ ಆದ ಮೇಲೆ ಟೈರಿಗೆ ಟ್ರ್ಯಾಕಿನ ರಬ್ಬರ್ ಚೂರೆಲ್ಲಾ ಮೆತ್ಕೊಂಡಿರತ್ತೆ, ಸುಟ್ಟ ಹಿಟ್ಟಿನ ಥರ. ಬಿಸಿ ಗಾಳಿ ಹೊಡೆದು ಹೊಡೆದು ಚಾಕುವಿನಲ್ಲಿ ಹೆರೆದ್ರೆ ಒಂದು ಟೈರಿಗೆ ಮುಕ್ಕಾಲು ಗಂಟೆ. ದೊಡ್ಡ ತಂಡದವರು ಹೊಸದು ಹಾಕ್ತಾರೆ. ನಾವು ಹೆರೀತೀವಿ. ಮೂರು ರೇಸಿಗೆ ಒಂದು ಹೊಸ ಸೆಟ್ಟು ಉಳಿಯತ್ತೆ, ಅದು ನನ್ನ ಒಂದು ತಿಂಗಳ ಸಂಬಳ. ಅಂದ್ರೆ ನಾನು ಹೆರೀತಾ ಇರೋದು ನನ್ನನ್ನೇ.

ಎಂಜಿನ್ನೂ ನಮ್ಮದಲ್ಲ ಗೊತ್ತಾ. ಬಾಡಿಗೆ. ಕಿಲೋಮೀಟರಿಗೆ ಇಷ್ಟು ಅಂತ. ಅದಕ್ಕೇ ಅಳಿಯ ಅಭ್ಯಾಸಕ್ಕೆ ಹೊರಟ ಅಂದ್ರೆ ಯಜಮಾನಿ ಗೋಡೆ ಹತ್ರ ನಿಂತು ಸುತ್ತು ಎಣಿಸ್ತಾರೆ. ಎಂಟು ಸುತ್ತು ಆಯ್ತು ಅಂದ್ರೆ ಬೋರ್ಡ್ ತೋರಿಸ್ತಾರೆ, ಬಾ ಒಳಗೆ. ಪಕ್ಕದ ತಂಡದವರು ಮೂವತ್ತು ಸುತ್ತು ಹೊಡೀತಾ ಇರ್ತಾರೆ. ಆಟೋ ಮೀಟರ್ ನೋಡ್ಕೊಂಡು ಪ್ರಪಂಚ ಸುತ್ತಿದ ಹಾಗೆ, ನಮ್ಮ ರೇಸು.

ಹೋದ ವಾರ ಅಳಿಯ ಗೋಡೆಗೆ ಗುದ್ದಿದ. ಅವನಿಗೇನೂ ಆಗ್ಲಿಲ್ಲ. ಇಳಿದು ಬಂದು "ಟೈರ್ ಹಳೇದು" ಅಂದ. ಯಜಮಾನರು "ಕಂತೂ ಹಳೇದಾಯ್ತು" ಅಂದ್ರು. ಎರಡನೇ ಕಂತು ಇನ್ನೂ ಬಂದಿಲ್ಲ ನೋಡು. ಅಷ್ಟೇ, ಬೇರೇನಿಲ್ಲ. ಎಲ್ಲಾ ಚೆನ್ನಾಗಿದೆ.


ಏಪ್ರಿಲ್ 19

ತಮ್ಮಾ,

ಎಲ್ಲಾ ಚೆನ್ನಾಗಿದೆ ಎಂದು ನೀನು ಕೊನೆಯಲ್ಲಿ ಹೇಳಿದೆ. ನೀನು ಚಿಕ್ಕವನಿದ್ದಾಗಲೂ ಏನಾದರೂ ಒಡೆದ ದಿನ ಮಾತ್ರ ಹಾಗೆ ಹೇಳುತ್ತಿದ್ದೆ. ನಿನಗೆ ಸಂಬಳ ಬರುತ್ತಿದೆಯೇ? ಒಂದೇ ಮಾತಿನಲ್ಲಿ ಹೇಳು.

ಇಲ್ಲಿ ಬುಶ್ ಇನ್ನೂರು ಮುಗಿದಿವೆ. ಪಂಪಿನವರು ಜೂನ್ ಕೊನೆಗೆ ಬೇಕೆನ್ನುತ್ತಾರೆ. ಎರಡು ಲೇತನ್ನೂ ನಾನೇ ನೋಡುತ್ತಿದ್ದೇನೆ. ಒಂದರಲ್ಲಿ ಕೊರೆತ ಹಚ್ಚಿ ಇನ್ನೊಂದಕ್ಕೆ ಹೋಗುವುದು. ಕಷ್ಟವಲ್ಲ, ನಡಿಗೆ ಜಾಸ್ತಿ.

ದೊಡ್ಡಪ್ಪ ಮೊನ್ನೆ ಬಾಗಿಲವರೆಗೆ ಬಂದು ನಿಂತಿದ್ದರು. ಸುಮ್ಮನೆ ಬಂದೆ ಎಂದರು. ಸುಮ್ಮನೆ ಹೋದರು.

ಅಕ್ಕ


ಧ್ವನಿ ಸಂದೇಶ
ಜೂನ್ 14, ರಾತ್ರಿ 12:15

ಅಕ್ಕಾ! ಬಡ್ತಿ! ಈಗ ನಾನೇ ಮೇಸ್ತ್ರಿ!

ಏನಾಯ್ತು ಅಂದ್ರೆ, ಮೇಸ್ತ್ರಿನ ಕಳಿಸಿಬಿಟ್ರು. ಜಗಳ ಗಿಗಳ ಏನಿಲ್ಲ. ಲಾರಿ ಪಕ್ಕ ಮಡಚೋ ಮೇಜು ಹಾಕಿ ನಾಲ್ಕು ಜನಾನೂ ಕೂತ್ವಿ. ಯಜಮಾನಿ ಪುಸ್ತಕ ತೆರೆದು ನಮ್ಮ ಕಡೆ ತಿರುಗಿಸಿಟ್ರು. "ನೀವೇ ನೋಡಿ. ಎಂಜಿನ್ ಬಾಡಿಗೆ ತೆಗೆದ್ರೆ ಕಾರು ಓಡಲ್ಲ. ಟೈರು ತೆಗೆದ್ರೆ ಓಡಲ್ಲ. ಡೀಸೆಲ್ ತೆಗೆದ್ರೆ ಟ್ರ್ಯಾಕಿಗೇ ಹೋಗಲ್ಲ." ಮೇಸ್ತ್ರಿ ಪುಸ್ತಕ ನೋಡ್ಲೇ ಇಲ್ಲ. "ನನ್ನ ತೆಗೆದ್ರೆ ಓಡತ್ತೆ, ಅಲ್ವಾ?" ಅಂದ್ರು. ಎದ್ದು ಪೆಟ್ಟಿಗೆ ಲಾಕ್ ಮಾಡಿದ್ರು. ಹೋಗೋವಾಗ ಹಸಿರು ಪೆನ್ನು ನನ್ನ ಜೇಬಿಗೆ ಸಿಕ್ಕಿಸಿ, "ಬೇಕಾಗತ್ತೆ" ಅಂದ್ರು. ನಕ್ಕು ಹೇಳಿದ್ರಾ ಬೈದು ಹೇಳಿದ್ರಾ ಗೊತ್ತಾಗ್ಲಿಲ್ಲ.

ನಿನ್ನೆಯಿಂದ ಇಡೀ ಕಾರು ನನ್ನ ಕೈಲಿ. ನಲವತ್ತೆರಡು ನಟ್ಟು, ಬಿಗಿ ಮಾಡಬೇಕಾದವು. ಕಣ್ಣು ಮುಚ್ಚಿ ಎಣಿಸ್ತೀನಿ. ಸಂಬಳ? ಬರತ್ತೆ, ಬರತ್ತೆ, ಕಂತು ಬಂದ ಕೂಡಲೇ. ನಿನ್ನ ಬುಶ್ ಎಷ್ಟಾಯ್ತು?


ಧ್ವನಿ ಸಂದೇಶ
ಜುಲೈ 9, ರಾತ್ರಿ 1:05

ಅಕ್ಕಾ, ಮೂರು ವಾರ ಆಯ್ತು. ಸಿಟ್ಟಾ? ದುಡ್ಡು ಕೇಳ್ತೀನಿ ಅಂತ ಹೆದರಿದ್ಯಾ? ಕೇಳಲ್ಲ ಬಿಡು. ಬುಶ್ ಕೆಲಸ ಜೋರು ಅನ್ಕೊಳ್ತೀನಿ. ದೊಡ್ಡ ಉದ್ಯಮಿ ಆದ ಮೇಲೆ ತಮ್ಮ ಯಾಕೆ ನೆನಪಾಗ್ತಾನೆ. ಒಂದು ಸಾಲು ಬರಿ. ಅಥವಾ ಬರೆದಿಲ್ಲ ಅಂತಾದ್ರೂ ಬರಿ.


ಜುಲೈ 28

ತಮ್ಮಾ,
ಸಿಟ್ಟಿಲ್ಲ. ಕೆಲಸ ಇತ್ತು.
ಅಕ್ಷರ ಸೊಟ್ಟಗಿದೆ, ಪೆನ್ನು ಸರಿಯಿಲ್ಲ.
ಒಂದು ಪ್ರಶ್ನೆ. ಹಳದಿ ಗೆರೆ ನೀನು ಎಳೆಯುತ್ತೀ. ಹಸಿರು ಯಾರು ಎಳೆಯುತ್ತಾರೆ?
ಅಕ್ಕ


ಧ್ವನಿ ಸಂದೇಶ
ಆಗಸ್ಟ್ 17, ರಾತ್ರಿ 2:10

ಅಕ್ಕಾ, ನಿನ್ನ ಅಕ್ಷರ ನೋಡಿ ನಗು ಬಂತು. ಕೋಳಿ ಕೆದರಿದ ಹಾಗಿತ್ತು. ನನ್ನ ಕಾಪಿ ಪುಸ್ತಕಕ್ಕೆ ಬೈತಿದ್ದೋಳು ನೀನು! ನಡೆದಾಡ್ಕೊಂಡು ಬರೆದ್ಯಾ? ಒಂದು ಒಳ್ಳೇ ಪೆನ್ನು ತಗೋ ಮಾರಾಯ್ತಿ.

ಹಸಿರು... ಹಸಿರೂ ನಾನೇ ಎಳೀತೀನಿ.

ಇರು, ಪೂರ್ತಿ ಕೇಳು. ಮೊದಲನೇ ಸಲ ಸರಿಯಾಗೇ ಮಾಡಿದೆ. ಹಳದಿ ಎಳೆದು, ಚಹಾ ಕುಡಿದು, ವಾಪಸ್ ಬಂದು, ನಾನು ಬೇರೆಯವನು ಅಂತ ಅನ್ಕೊಂಡು ಸ್ಪ್ಯಾನರ್ ಹಾಕಿ ನೋಡಿ ಹಸಿರು ಎಳೆದೆ. ಎರಡನೇ ರೇಸಿಗೆ ಚಹಾ ಬಿಟ್ಟೆ. ಈಗ ಎರಡು ಪೆನ್ನೂ ಒಟ್ಟಿಗೇ, ಬೆರಳ ಸಂದಿಲಿ ಒಂದು, ಹಲ್ಲಲ್ಲಿ ಒಂದು. ಹಳದಿ ಹಸಿರು, ಹಳದಿ ಹಸಿರು. ಸಹಿ ಹಾಕೋ ಹಾಳೆಲಿ ಮೇಸ್ತ್ರಿ ಹೆಸರಿನ ಮುಂದೆ ಸೊಟ್ಟ ಗೀಟು. ತಪಾಸಣೆಯೋನು ಎರಡು ಬಣ್ಣ ಕಾಣತ್ತಾ ನೋಡ್ತಾನೆ, ಹೋಗ್ತಾನೆ. ಯಜಮಾನರು ಕೇಳಲ್ಲ, ನಾನು ಹೇಳಲ್ಲ. ಆ ಹೊತ್ತಿಗೆ ಸರಿಯಾಗಿ ಅವರಿಗೆ ಯಾವಾಗ್ಲೂ ಫೋನ್ ಬರತ್ತೆ.

ನನ್ನ ಬಿಗಿ ಪಕ್ಕಾ ಅಕ್ಕಾ. ಐದು ರೇಸ್ ಆಯ್ತು, ಒಂದು ಗೆರೆ ಮುರಿದಿಲ್ಲ.

ಇನ್ನೂ ಕೇಳು. ತಂಡಗಳ ಪಟ್ಟಿಲಿ ನಾವು ಹತ್ತನೇ ಜಾಗ. ಹತ್ತರ ಒಳಗೆ ಉಳಿದ್ರೆ ಮುಂದಿನ ವರ್ಷ ಪ್ರವೇಶದ ಫೀಸು ಮಾಫಿ, ಟೈರು ಅರ್ಧ ಬೆಲೆ. ಹನ್ನೊಂದಾದ್ರೆ ಏನೂ ಇಲ್ಲ, ಅಂಗಡಿ ಮುಚ್ಚಬೇಕು. ಹನ್ನೊಂದನೆಯವರು ಒಂದೇ ಒಂದು ಅಂಕ ಹಿಂದೆ. ಇನ್ನಿರೋದು ಒಂದೇ ರೇಸು, ಅಕ್ಟೋಬರ್ ಮೊದಲ ವಾರ. ತಂಡ ಉಳಿದ್ರೆ ನನ್ನ ಕೆಲಸ ಉಳಿಯತ್ತೆ, ಕೆಲಸ ಉಳಿದ್ರೆ ಈ ದೇಶದಲ್ಲಿರೋ ಪರವಾನಗಿ ಉಳಿಯತ್ತೆ. ಮೇ ತಿಂಗಳಿಂದ ಸಂಬಳ ಬಂದಿಲ್ಲ, ಹೇಳಿಬಿಟ್ಟೆ ನೋಡು. ಅದೂ ಆಗ ಒಟ್ಟಿಗೆ ಬರತ್ತೆ. ಇನ್ನೊಂದೇ ರೇಸು.


ಸೆಪ್ಟೆಂಬರ್ 2

ತಮ್ಮಾ,

ಈ ಪತ್ರ ಬರೆಯಲು ಮೂರು ದಿನ ಹಿಡಿಯಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹೋದ ಸಲವೂ ಎಡಗೈಯೇ.

ನೀನು ಬಡ್ತಿ ಎಂದು ಕಳಿಸಿದ ಮರುವಾರ, ಜೂನ್ ಇಪ್ಪತ್ತೆರಡು. ಐನೂರ ನಲವತ್ತು ಬುಶ್ ಮುಗಿದಿದ್ದವು. ಎರಡು ಲೇತಿನ ಮಧ್ಯೆ ಓಡಾಡುತ್ತಿದ್ದೆ. ಚಕ್ಕಿಗೆ ಕಬ್ಬಿಣ ಕಚ್ಚಿಸಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಫೆಬ್ರವರಿಯಿಂದಲೂ ಇರಲಿಲ್ಲ. ಹಾಗಾಗಿ ನಾನೇ ಕೇಳಿಕೊಂಡು ನಾನೇ ಹೂಂ ಎನ್ನುವ ಅಭ್ಯಾಸವಾಗಿತ್ತು. ಮೊದಮೊದಲು ನೋಡಿ ಹೂಂ ಎನ್ನುತ್ತಿದ್ದೆ. ಆಮೇಲೆ ಬರೀ ಹೂಂ. ಆ ದಿನವೂ ಹೂಂ ಎಂದೆ, ಬಾಯಿಬಿಟ್ಟೇ ಎಂದೆ, ಸ್ವಿಚ್ ಹಾಕಿದೆ. ಕೀಲಿ ಚಕ್ಕಿನಲ್ಲೇ ಇತ್ತು.

ಸಿಡಿದು ತಲೆಗೆ ಬರಬೇಕಾದದ್ದು ಬಲಗೈಗೆ ಬಂತು. ಎರಡು ಬೆರಳು ಮುರಿದಿವೆ. ಕಿರುಬೆರಳಿನ ತುದಿ ಹೋಯಿತು. ಪಂಪಿನವರು ಉಳಿದ ಅರವತ್ತನ್ನು ಬೇರೆಯವರ ಹತ್ತಿರ ಮಾಡಿಸಿಕೊಂಡರು.

ನಿನಗೆ ಹೇಳಬಾರದೆಂದಿದ್ದೆ. ಹೇಳಿದರೆ ದೊಡ್ಡಪ್ಪನನ್ನು ಯಾಕೆ ಬಿಡಿಸಿದೆ ಎಂದು ನೀನು ಕೇಳುತ್ತಿದ್ದೆ. ಅವರ ಕೂಲಿಗೆಂದು ಇಟ್ಟಿದ್ದ ದುಡ್ಡನ್ನು ನಿನ್ನ ಪೆಟ್ಟಿಗೆಗೆ ಕಳಿಸಿದೆ. ಇದನ್ನು ನಿನ್ನ ಮೇಲೆ ಹೊರಿಸುತ್ತಿಲ್ಲ. ನೀನು ಇದ್ದರೆ ಮಾತ್ರ ಎಂದಿದ್ದೆ. ಇಲ್ಲ ಎನ್ನುವ ಬಾಯಿ ನನಗಿತ್ತು. ಲೆಕ್ಕ ಹಾಕಿ ನೋಡಿದಾಗ ನನಗೂ ಅದೇ ಕಂಡಿತು, ನಿಮ್ಮ ಯಜಮಾನಿಗೆ ಕಂಡದ್ದು. ಅವರನ್ನು ತೆಗೆದರೂ ಲೇತ್ ತಿರುಗುತ್ತದೆ.

ತಿರುಗಿತು.

ನಿನ್ನ ಬಿಗಿ ಪಕ್ಕಾ ಎಂದು ನನಗೆ ಗೊತ್ತು. ನಾನೂ ಇಪ್ಪತ್ತು ವರ್ಷ ಕೀಲಿ ಮರೆತವಳಲ್ಲ. ನಿನಗೆ ಇದು ಮಾಡು, ಅದು ಬಿಡು ಎಂದು ನಾನು ಹೇಳುವುದಿಲ್ಲ. ನಿನ್ನ ಕೆಲಸ, ನಿನ್ನ ಪರವಾನಗಿ. ಆ ಕಾರಿನೊಳಗೆ ಕೂರುವವನ ಅಮ್ಮನಿಗೆ ಹಸಿರು ಗೆರೆಯ ವಿಷಯ ಗೊತ್ತಿದೆಯೇ ಎಂದು ಮಾತ್ರ ಯೋಚಿಸುತ್ತಿದ್ದೆ. ಯೋಚಿಸಲು ಈಗ ಸಮಯವಿದೆ.

ಅಕ್ಕ


ಧ್ವನಿ ಸಂದೇಶ
ಅಕ್ಟೋಬರ್ 6, ರಾತ್ರಿ 11:40

ಅಕ್ಕಾ.

ನಿನ್ನ ಪತ್ರ ಓದಿದೆ. ನಾಲ್ಕು ಸಲ ಮಾತಾಡಿ ನಾಲ್ಕು ಸಲ ಅಳಿಸಿದೆ. ಕೋಳಿ ಕೆದರಿದ ಹಾಗೆ ಅಂದಿದ್ದೆ ನಾನು. ಬಿಡು.

ರೇಸ್ ನಿನ್ನೆ ಮುಗೀತು. ನಡೆದದ್ದು ನಡೆದ ಹಾಗೆ ಹೇಳ್ತೀನಿ.

ಹಿಂದಿನ ಸಂಜೆಯೇ ಯಜಮಾನರ ಹತ್ರ ಹೋಗಿ ಹಸಿರು ಪೆನ್ನು ಕೊಟ್ಟೆ. "ಎರಡನೇ ಗೆರೆ ನಾನು ಎಳೆಯಲ್ಲ, ಬೇರೆ ಯಾರಾದ್ರೂ ನೋಡಬೇಕು" ಅಂದೆ. ಅವರು ಪೆನ್ನು ನೋಡಿದ್ರು, ನನ್ನ ನೋಡಿದ್ರು. "ಐದು ರೇಸಲ್ಲಿ ಇಲ್ಲದ ಮಡಿ ಈಗ್ಯಾಕೆ ಬಂತು?" ಅಂದ್ರು. ಅಷ್ಟೊತ್ತಿಗೆ ಫೋನ್ ಬಂತು. ಈ ಸಲ ನಿಜವಾಗ್ಲೂ ಬಂದಿತ್ತು, ಅಳಿಯನ ಅಪ್ಪನದು, ಕೊನೇ ಕಂತಿನ ವಿಷಯ. "ಬೆಳಗ್ಗೆ ನೋಡೋಣ" ಅಂತ ಹೊರಗೆ ಹೋದ್ರು.

ಬೆಳಗ್ಗೆ ನೋಡ್ಲಿಲ್ಲ. ಯಾವ ಕಾರು ಮುಂದೆ ನಿಲ್ಲಬೇಕು ಅಂತ ತೀರ್ಮಾನ ಮಾಡೋಕೆ ಇಪ್ಪತ್ತು ನಿಮಿಷ ಓಡಿಸ್ತಾರೆ, ಆ ಹೊತ್ತಿನ ತನಕ ಪೆನ್ನು ಮೇಜಿನ ಮೇಲೇ ಇತ್ತು. ನಾನು ನಲವತ್ತೆರಡಕ್ಕೂ ಹಳದಿ ಎಳೆದು ಕೈ ಕಟ್ಕೊಂಡು ನಿಂತೆ. ತಪಾಸಣೆಯೋನು ಬಂದ. ಒಂದೇ ಬಣ್ಣ. "ಇನ್ನೊಂದೆಲ್ಲಿ?" ಅಂದ. ಯಜಮಾನರು ನನ್ನ ಕಡೆ ತಿರುಗಿ, "ಎಳೆಯೋ ಮಾರಾಯ, ಶುರುವಾಗೋಕೆ ಇನ್ನು ಹತ್ತು ನಿಮಿಷ ಇದೆ" ಅಂದ್ರು, ಬೇಡ್ಕೊಂಡ ಹಾಗೆ. ನಾನು "ಎಳೆಯಲ್ಲ ಸಾರ್" ಅಂದೆ. ಅಳಿಯ ಹೆಲ್ಮೆಟ್ ಹಾಕ್ಕೊಂಡು ಕಾರೊಳಗೆ ಕೂತಿದ್ದ. ಅವನಿಗೇನೂ ಅರ್ಥ ಆಗ್ಲಿಲ್ಲ. ಬರೀ ಕಣ್ಣು ಕಾಣ್ತಿತ್ತು.

ಯಜಮಾನಿ ಪುಸ್ತಕ ಮುಚ್ಚಿ ಬಂದ್ರು. "ಎಷ್ಟು ನಟ್ಟು?" ಅಂದ್ರು. ನಲವತ್ತೆರಡು ಅಂದೆ. ತಮ್ಮ ಕುತ್ತಿಗೆಲಿದ್ದ ಓದೋ ಕನ್ನಡಕ ತೆಗೆದು ಗಂಡನ ಕೈಗೆ ಕೊಟ್ಟು, "ಮಂಡಿ ಊರಿ" ಅಂದ್ರು.

ಊರಿದ್ರು ಅಕ್ಕಾ. ಅರವತ್ತು ವರ್ಷದ ಮನುಷ್ಯ, ಹೆಂಡತಿ ಕನ್ನಡಕ ಹಾಕ್ಕೊಂಡು, ಒಂದೊಂದೇ ನಟ್ಟಿಗೆ ಸ್ಪ್ಯಾನರ್ ಹಾಕಿ ನೋಡಿ ಹಸಿರು ಎಳೆದ್ರು. ಅವಸರ ಮಾಡ್ತಾರೆ ಅನ್ಕೊಂಡಿದ್ದೆ. ಮಾಡ್ಲಿಲ್ಲ. ಒಂದು ಸಲ ಶುರು ಮಾಡಿದ ಮೇಲೆ ಅವರ ಕೈ ನಿಧಾನ ಆಯ್ತು. ಹೊರಗೆ ಉಳಿದ ಕಾರುಗಳೆಲ್ಲಾ ಸುತ್ತು ಹೊಡೀತಾ ಇದ್ವು. ಪ್ರತಿ ಸಲ ಒಂದು ಹಾದುಹೋದಾಗ್ಲೂ ಯಜಮಾನಿ ಗಡಿಯಾರ ನೋಡ್ತಿದ್ರು.

ನಲವತ್ತೆರಡರಲ್ಲಿ ಒಂದೂ ಸಡಿಲ ಇರ್ಲಿಲ್ಲ.

ಒಂದೇ ಒಂದು ಸುತ್ತಿಗೆ ಸಮಯ ಸಿಕ್ತು, ಅದೂ ತಣ್ಣಗಿನ ಟೈರಲ್ಲಿ. ಇಪ್ಪತ್ತನಾಲ್ಕು ಕಾರಲ್ಲಿ ಇಪ್ಪತ್ತೆರಡನೇ ಜಾಗ. ಅಲ್ಲಿಂದ ಅಳಿಯ ಹತ್ತು ಕಾರು ಹಿಂದೆ ಹಾಕಿದ. ಕೊಟ್ಟ ದುಡ್ಡಿಗೆ ತಕ್ಕ ಹಾಗೆ ಓಡಿಸಿದ್ದು ಅವತ್ತೇ ಮೊದಲು. ಹನ್ನೆರಡನೇದಾಗಿ ಬಂದ. ಹನ್ನೊಂದನೇ ಕಾರು ಪಟ್ಟಿಲಿ ನಮ್ಮ ಹಿಂದಿದ್ದ ತಂಡದ್ದು. ಇಬ್ಬರ ಅಂಕಾನೂ ಸಮ ಆಯ್ತು. ಸಮ ಆದ್ರೆ ಕೊನೇ ರೇಸಲ್ಲಿ ಮುಂದೆ ಬಂದೋರು ಮೇಲೆ. ಮುಗೀತು.

ಯಜಮಾನರು ಬೈಯಲಿಲ್ಲ. ಸಂಜೆ ಲಾರಿಗೆ ಎಲ್ಲಾ ತುಂಬೋವಾಗ ಬಂದು ಪಕ್ಕ ನಿಂತ್ರು. "ನಾನು ಓಡಿಸ್ತಿದ್ದಾಗ ಎರಡನೇ ಗೆರೆ ಎಳೆಯೋನ ಮುಖ ನೋಡೇ ಒಳಗೆ ಕೂರ್ತಿದ್ದೆ. ಈ ವರ್ಷ ನೀನು ನನ್ನ ಕಡೆ ನೋಡಿದಾಗೆಲ್ಲಾ ನಾನೇ ಫೋನ್ ಹಿಡ್ಕೊಂಡು ಹೊರಗೆ ಹೋಗ್ತಿದ್ದೆ" ಅಂದ್ರು. ಆಮೇಲೆ, "ಆ ಪೆನ್ನು ನೀನೇ ಇಟ್ಕೋ" ಅಂದ್ರು.

ಕಾರು ಮಾರಾಟಕ್ಕೆ ಇಟ್ಟಿದಾರೆ. ಯಜಮಾನಿ ಎರಡು ತಿಂಗಳ ಸಂಬಳ ಎಣಿಸಿ ಕೊಟ್ಟು, ಉಳಿದದ್ದಕ್ಕೆ ಟೈರ್ ಬಿಸಿ ಮಾಡೋ ಗನ್ನೂ ಒಂದು ಸ್ಪ್ಯಾನರ್ ಸೆಟ್ಟೂ ಕೊಟ್ರು. "ಲೆಕ್ಕ ಸರಿಹೋಗಲ್ಲ, ಗೊತ್ತು" ಅಂದ್ರು. ಮೇಸ್ತ್ರಿಗೆ ಫೋನ್ ಮಾಡಿದ್ದೆ. ಅವರು ಬಸ್ ಗ್ಯಾರೇಜ್ ಸೇರಿದಾರೆ. ನೀನು ಬಂದ್ರೆ ನಿನಗೂ ಕೆಲಸ ಕೇಳಿ ನೋಡ್ತೀನಿ ಅಂದ್ರು, ಖಾತ್ರಿ ಅಲ್ಲ. ಪರವಾನಗಿ ಡಿಸೆಂಬರ್ ತನಕ ಇದೆ. ನೋಡೋಣ.

ಪೆಟ್ಟಿಗೆ ಮಾರಿದೆ ಅಕ್ಕಾ, ಅದೇ ಕೆಂಪು ಪೆಟ್ಟಿಗೆ. ಕೊಂಡಿದ್ದಕ್ಕಿಂತ ಸ್ವಲ್ಪ ಕಮ್ಮಿಗೆ. ದುಡ್ಡು ಕಳಿಸಿದೀನಿ, ಬೇರೆ ಪಾರ್ಸೆಲಲ್ಲಿ ಒಂದು ಸಣ್ಣ ಸಾಮಾನೂ ಬರತ್ತೆ. ಸ್ಪ್ಯಾನರೆಲ್ಲ ಗೋಣಿಚೀಲದಲ್ಲಿ ಹಾಕ್ಕೊಂಡಿದೀನಿ, ಅವು ಇದ್ರೆ ಸಾಕು. ದುಡ್ಡು ಯಾರಿಗೆ ಅಂತ ನಿನಗೆ ಗೊತ್ತು.


ಅಕ್ಟೋಬರ್ 30

ತಮ್ಮಾ,

ದುಡ್ಡು ಬಂತು. ಹಸಿರು ಪೆನ್ನೂ ಬಂತು. ಈಗ ಬರೆಯುತ್ತಿರುವುದು ಅದರಲ್ಲೇ, ಬಲಗೈಯಲ್ಲೇ. ನಾಲ್ಕು ಸಾಲಿಗೊಮ್ಮೆ ನಿಲ್ಲಿಸಬೇಕು.

ದೊಡ್ಡಪ್ಪನ ಮನೆಗೆ ನಾನೇ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವರು ನನ್ನ ಕೈ ನೋಡಿ, ಒಳಗೆ ಹೋಗಿ, ಕೆಲಸದ ಅಂಗಿ ಹಾಕಿಕೊಂಡು ಬಂದರು. ನಾನು ಜೋಡಿಸಿದ್ದೆಲ್ಲ ಹಾಗೇ ಉಳಿಯಿತು. ಪೆಟ್ಟಿಗೆಯ ದುಡ್ಡಿನಲ್ಲಿ ಅವರಿಗೆ ಮೂರು ತಿಂಗಳು ಕೂಲಿ ಕೊಡಬಹುದು. ನಾಲ್ಕನೆಯ ತಿಂಗಳು ಏನೆಂದು ನನಗೆ ಗೊತ್ತಿಲ್ಲ. ಒಂದೇ ಲೇತ್ ಓಡಿಸುತ್ತೇವೆ. ಇನ್ನೊಂದಕ್ಕೆ ಬಟ್ಟೆ ಹೊದಿಸಿದ್ದೇನೆ.

ನಟ್ಟು ಒಂದೂ ಸಡಿಲವಿರಲಿಲ್ಲ ಎಂದು ನೀನು ಹೇಳಿದ್ದನ್ನು ನಾನು ತುಂಬಾ ಸಲ ಕೇಳಿದೆ. ನಿನ್ನ ದನಿ ಆ ಸಾಲಿನಲ್ಲಿ ಮಾತ್ರ ಬೇರೆಯಾಗಿದೆ.

ಸೋಮವಾರ ಮೊದಲ ದಿನ. ಕಬ್ಬಿಣ ಕಚ್ಚಿಸಿ, ಕೀಲಿ ತೆಗೆದು, ಎರಡೂ ಕೈ ಎತ್ತಿ ಹಿಂದೆ ಸರಿದೆ. ದೊಡ್ಡಪ್ಪ ಕುಂಟುತ್ತಾ ಬಂದರು. ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು. ಹಾಕಿಕೊಂಡರು. ಚಕ್ಕಿನ ಈ ಕಡೆಯಿಂದ ಬಗ್ಗಿ ನೋಡಿದರು, ಆ ಕಡೆಗೆ ಹೋಗಿ ಬಗ್ಗಿ ನೋಡಿದರು. ಕೀಲಿ ನನ್ನ ಕೈಯಲ್ಲೇ ಇತ್ತು, ಅವರಿಗೂ ಕಾಣುತ್ತಿತ್ತು. ಆದರೂ ಇನ್ನೊಂದು ಸಲ ನೋಡಿದರು. ಅಷ್ಟರಲ್ಲಿ ನಾನು ಒಂದು ಬುಶ್ ಅರ್ಧ ಕೊರೆದು ಮುಗಿಸಬಹುದಿತ್ತು.

ಆಮೇಲೆ, ಕಿವಿ ಮಂದವಾದವರು ಮಾತಾಡುವಷ್ಟು ಜೋರಾಗಿ, ಬೀದಿಗೆಲ್ಲ ಕೇಳುವ ಹಾಗೆ, ಹೂಂ ಎಂದರು.

ಸ್ವಿಚ್ ಹಾಕಿದೆ.

ಅಕ್ಕ